ಕಟ್ಟೆಯ ಮೇಲೆ ತೊಟ್ಟಿಲು

ಅವರಿಗೆ ಹೆಸರಿತ್ತು, ನಮಗೆ ಎಮ್ಮೆಗಳಿದ್ದವು. ಹುಮನಾಬಾದಿನ ಎಮ್ಮೆ ವ್ಯಾಪಾರಿಯ ಒಬ್ಬಳೇ ಮಗಳಾದ ನಾನು ಬಸವಕಲ್ಯಾಣದ ದೇಶಮುಖರ ವಾಡೆಗೆ ಸೊಸೆಯಾಗಿ ಹೋದದ್ದು ಹೀಗೆ. ಮದುವೆಯಾದ ವರ್ಷವೇ ಸೋರುತ್ತಿದ್ದ ಮಾಳಿಗೆ ಹೊಸದಾಯಿತು, ದೊಡ್ಡ ಬಾಗಿಲಿಗೆ ಬಣ್ಣ ಬಂತು. ಹಣ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ವಾಡೆಯೊಳಗೆ ಮಾತ್ರ ಯಾರೂ ಆ ಮಾತೆತ್ತುತ್ತಿರಲಿಲ್ಲ.

ಒಳಗಿನ ಬೈಠಕ್ಕಿನಲ್ಲಿ ಬಿಳಿ ಗಾದಿ, ಒರಗಲು ಲೋಡು. ದೊಡ್ಡ ಮನೆತನದ ನೆಂಟರು ಕೂರುವುದು ಅಲ್ಲಿ. ನನ್ನ ಅಪ್ಪ ಬಂದರೆ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಒಂದು ಚಾಪೆ. ಮಗಳಿಗೆ ಮಗು ಆಗುವ ತನಕ ತಂದೆ ಅವಳ ಮನೆಯ ನೀರು ಮುಟ್ಟುವುದಿಲ್ಲ ಎಂಬುದು ನಮ್ಮವರ ಪದ್ಧತಿ. ಅತ್ತೆಗೆ ಅದೇ ನೆಪ.

“ನೀರ ಸುದ್ದಾ ಕುಡಿಯಂಗಿಲ್ಲ, ಒಳಗ ಬಂದು ಏನ್ ಮಾಡ್ತಾರ?”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಒಳ್ಳೆಯವನೇ, ಆದರೆ ತಾಯಿಯ ಮುಂದೆ ಅವನ ಬಾಯಿಗೆ ಬೀಗ. ಅಪ್ಪ ಮಾತ್ರ, “ಇರ್ಲಿ ಬಿಡವ್ವ, ಕಟ್ಟಿ ಮ್ಯಾಲ ಗಾಳಿ ಛಲೋ ಬರ್ತದ,” ಎಂದು ನಗುತ್ತಿದ್ದ. ಆ ನಗುವೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಹೆರಿಗೆ ತವರಿನಲ್ಲಾಯಿತು, ಹೆಣ್ಣು ಮಗು. ಹೆಸರಿಡುವ ತೊಟ್ಟಿಲ ಕಾರ್ಯ ವಾಡೆಯಲ್ಲೇ ಆಗಬೇಕೆಂದು ಅತ್ತೆ ಹಟ ಹಿಡಿದರು. ತೊಟ್ಟಿಲು ತರುವುದು ತವರಿನವರ ಕೆಲಸ. ಅಪ್ಪ ಸಾಗುವಾನಿಯ ತೊಟ್ಟಿಲು ಮಾಡಿಸಿ, ಎಮ್ಮೆ ಸಾಗಿಸುವ ಟೆಂಪೋವನ್ನೇ ತೊಳೆಸಿ, ನನ್ನನ್ನೂ ಮಗುವನ್ನೂ ಕೂರಿಸಿಕೊಂಡು ಬಂದ. ಆ ದಿನ ಅವನು ಮೊದಲ ಸಲ ನನ್ನ ಮನೆಯಲ್ಲಿ ಉಣ್ಣಬಹುದಿತ್ತು. ಇಳಿದು ನೋಡಿದರೆ ಕಟ್ಟೆಯ ಮೇಲೆ ಅದೇ ಚಾಪೆ, ಅದರ ಮುಂದೆ ಊಟದ ತಾಟು.

ಆಳುಗಳು ತೊಟ್ಟಿಲು ಎತ್ತಿ ಒಳಗೆ ಹೊರಟಿದ್ದರು. “ಇಲ್ಲೇ ಇಡ್ರಿ,” ಎಂದೆ. ಕಟ್ಟೆಯ ಮೇಲೆ ಇಡಿಸಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅಪ್ಪನ ಪಕ್ಕ ಕೂತೆ. ಎದುರುಮನೆಯ ಹೆಂಗಸರು ಮೊಬೈಲ್ ಹಿಡಿದು ಹೊರಬಂದರು. ಅಪ್ಪ ನನ್ನ ಮೊಣಕೈ ಜಗ್ಗಿದ. ನಾನು ಅಲ್ಲಾಡಲಿಲ್ಲ.

ಅತ್ತೆ ಹೊಸ್ತಿಲಿಗೆ ಬಂದರು. “ಏನ್ ನಡ್ಸೀದಿ ಇದು? ಮಂದಿ ನೋಡಾಕತ್ತಾರ!”

“ನೋಡ್ಲಿ ಬಿಡ್ರಿ, ಅತ್ತಿಯವರ. ತೊಟ್ಟಿಲ ತಂದವರು ಎಲ್ಲಿ ಕುಂದರ್ತಾರ, ತೊಟ್ಟಿಲ ಅಲ್ಲೇ.”

ಒಳಗೆ ರೇಷ್ಮೆ ಸೀರೆ ಉಟ್ಟ ನೆಂಟರೆಲ್ಲ ಕಾಯುತ್ತಿದ್ದರು. ದೇಶಮುಖರ ಹೆಂಗಸರು ಬೀದಿಗೆ ಬಂದು ಕಟ್ಟೆಯ ಮೇಲೆ ಜೋಗುಳ ಹಾಡಬೇಕು, ಇಲ್ಲವೇ ಎಮ್ಮೆ ವ್ಯಾಪಾರಿ ಗಾದಿಗೆ ಬರಬೇಕು. ಅತ್ತೆ ಮಗುವನ್ನು ನೋಡಿದರು, ಬೀದಿಯನ್ನು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡರು.

“ಬೀಗರ, ಒಳಗ ಬರ್ರಿ. ಗಾದಿ ಮ್ಯಾಲ ಕುಂದರ್ರಿ.”

ಅಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೊಸದಾಗಿ ನೋಡುವವನಂತೆ ತಾನೇ ಹಾಕಿಸಿದ್ದ ಮಾಳಿಗೆಯನ್ನು ನೋಡುತ್ತ ಒಳಗೆ ಬಂದ. ಲೋಡಿಗೆ ಒರಗಿದ. ನನಗೆ ಕೇಕೆ ಹಾಕಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ, ನೆನೆದರೆ ಈಗಲೂ ಅನಿಸುತ್ತದೆ. ನೀರು ತರಲು ಎದ್ದೆ. ಅಷ್ಟರಲ್ಲಿ ಅತ್ತೆಯೇ ಬೆಳ್ಳಿ ತಂಬಿಗೆ ತಂದು ಅವನ ಮುಂದೆ ಇಟ್ಟರು.

ಅಪ್ಪ ತಂಬಿಗೆ ಎತ್ತಿ ಗಟಗಟ ಕುಡಿದ. ಮೀಸೆ ಒರೆಸಿಕೊಂಡು, “ಇನ್ನೊಂದ್ ತಂಬಗಿ ಕೊಡ್ರಿ,” ಎಂದ.