ಕಲಕ್ಕ ಕಳಿಸದ ಸುದ್ದಿ

ಸಹೃದಯರಾದ ವಾಚಕ ಮಹಾಶಯರೇ, ಪತ್ರಿಕೆಯೆಂಬುದು ತಮ್ಮ ಹಸ್ತವನ್ನು ಸೇರುವ ಮುನ್ನ ಯಾರ ಕಣ್ಣನ್ನು ದಾಟಿ ಬರುತ್ತದೆಂಬುದನ್ನು ತಾವು ಎಂದಾದರೂ ಆಲೋಚಿಸಿದ್ದುಂಟೇ?

ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪೇಪರ್ ಏಜೆಂಟ್ ಕಲಾ ಕಾಲು ಚಾಚಿ ಕುಳಿತು ಕನ್ನಡ, ತಮಿಳು, ತೆಲುಗು ಪತ್ರಿಕೆಗಳಿಗೆ ಪುರವಣಿ ಸೇರಿಸುತ್ತಿದ್ದಾರೆ. ಕೈ ತನ್ನ ಪಾಡಿಗೆ ಓಡುತ್ತದೆ. ಕಣ್ಣು ಮಾತ್ರ ಒಂದೇ ಹೆಸರನ್ನು ಹುಡುಕುತ್ತದೆ: ಫೋರ್ಟ್‌ಬಿಎಸ್‌ಡಿ.

ಅದು ಕಂಪ್ಯೂಟರನ್ನು ನಡೆಸುವ, ಯೂನಿಕ್ಸ್ ಮನೆತನದ ಒಂದು ಉಚಿತ ತಂತ್ರಾಂಶ. ಕಳ್ಳರನ್ನು ಹೊರಗಿಡುವುದೇ ಅದರ ಹೆಗ್ಗಳಿಕೆ. ವೈರಸ್ ನುಗ್ಗಿ ಗಿರಾಕಿಗಳ ಕಾಗದಪತ್ರಗಳೆಲ್ಲ ಹಾಳಾದಂದಿನಿಂದ ಕಲಾ ಅವರ ಜೆರಾಕ್ಸ್ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಅದೇ ಇದೆ. ಅದನ್ನು ಕಟ್ಟುವ ದೂರದೇಶದ ಸ್ವಯಂಸೇವಕರು, ಜಗತ್ತಿನ ಪತ್ರಿಕೆಗಳು ತಮ್ಮ ಬಗ್ಗೆ ಬರೆದದ್ದನ್ನೆಲ್ಲ ಜಾಲತಾಣದ ಒಂದು ಪುಟದಲ್ಲಿ ಪೋಣಿಸಿಡುತ್ತಾರೆ. ನಮ್ಮ ಕಡೆಯ ಪತ್ರಿಕೆಗಳನ್ನು ಸೋಸಿ, ಸಿಕ್ಕಿದ್ದನ್ನು ಕಳಿಸುವ ಸಂಬಳವಿಲ್ಲದ ಕೆಲಸ ಕಲಾ ಅವರದು. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ಬೆಳೆದ ಅವರು ಮೂರೂ ಭಾಷೆಗಳನ್ನು ನಲ್ಲಿಯ ಮುಂದಿನ ಜಗಳಗಳಲ್ಲೇ ಕಲಿತವರು. ಆ ಪುಟದಲ್ಲಿ ತಮಿಳು ಇದೆ, ತೆಲುಗು ಇದೆ. ಕನ್ನಡವಿಲ್ಲ.

"ಅದೊಂದೇ ಒಟ್ಟೆಕಿಚ್ಚು ನಂಗೆ" ಎಂದು ನಗುತ್ತಾರೆ.

ಒಮ್ಮೆ ಕನ್ನಡದಲ್ಲೂ ಬಂದಿತ್ತು. ಅಂಗಡಿಗೆ ಬಂದ ವರದಿಗಾರರೊಬ್ಬರು ಪರದೆಯ ಮೇಲಿದ್ದ ಲಾಂಛನದ, ಅಂದರೆ ಒಂದು ಮುಳ್ಳುಮೀನಿನ, ಫೋಟೋ ತೆಗೆದುಕೊಂಡು ಹೋದರು. ಅದು ಹೋಗಿ ಕೃಷಿ ಪುಟ ಸೇರಿತು: ‘ಬೇತಮಂಗಲ ಕೆರೆಗೆ ಫೋರ್ಟ್ ತಳಿಯ ಹೊಸ ಮೀನು’. ಮರುದಿನ ರೈತರು ಮೀನುಮರಿ ಕೇಳಿಕೊಂಡು ಅಂಗಡಿಗೇ ಬಂದರು.

ಪಕ್ಕದ ಟೀ ಅಂಗಡಿಯ ಮುನಿರಾಜ್‌ಗೆ ಈ ಕಥೆ ಇಂದಿಗೂ ಹಬ್ಬ. "ಅದ್ನೇ ಕಳಿಸಕ್ಕಾ! ಎಸರು ಐತೆ, ಫೋಟೋ ಐತೆ. ಆ ಫಾರಿನ್ನೋರಿಗೆ ಕನ್ನಡ ಎಲ್ಲಿ ಬತ್ತದೆ?"

"ನಂಗೆ ಬತ್ತದಲ್ಲ ಕಣ್ಲಾ" ಎನ್ನುತ್ತಾರೆ ಕಲಾ. "ಟೀ ಕೊಡು, ಬುದ್ಧಿ ಬ್ಯಾಡ."

ಆಸೆಯೇನೂ ಕಡಿಮೆಯಿಲ್ಲ. ಆದರೆ ಕಳಿಸುವವರೇ ಬರೆದದ್ದನ್ನು ಆ ಪುಟ ಒಪ್ಪುವುದಿಲ್ಲ. ಬೇರೆಯವರು ಬರೆಯಬೇಕು, ಸರಿಯಾಗಿಯೂ ಬರೆಯಬೇಕು. ಆದ್ದರಿಂದಲೇ, ನಾನು ಬರೆಯುತ್ತಿರುವ ಈ ಲೇಖನ ಕನ್ನಡದಲ್ಲಿ ಅಚ್ಚಾಗಲಿದೆಯೆಂದು ಕೇಳಿದಾಗ ಪುರವಣಿ ಹಿಡಿದ ಅವರ ಕೈ ಗಕ್ಕನೆ ನಿಲ್ಲುತ್ತದೆ.

"ಒಂದ್ ಮಾತು ಸಾರ್. ಆ ಫೋರ್ಟ್‌ಬಿಎಸ್‌ಡಿಗೆ ಪ್ರಿಂಟರ್ ಒಂದಿಸೋಕೆ ವಾರಗಟ್ಲೆ ಒದ್ದಾಡಿದೀನಿ, ಅತ್ತೂ ಇದೀನಿ. ಅದೂ ಬರೀರಿ. ಬರೀ ಒಗಳಿದ್ರೆ ನಾನು ಕಳ್ಸಲ್ಲ."

ಬಂಗಾರಪೇಟೆಯ ಬಸ್ಸು ಹಾರನ್ ಹಾಕುತ್ತಿದೆ. ನನ್ನ ಪೆನ್ನು ಜೇಬಿಗೆ, ಚೀಲ ಹೆಗಲಿಗೆ. ಕಿಟಕಿಯ ಪಕ್ಕದ ಸೀಟೂ ಸಿಕ್ಕಿದೆ. ಪ್ರಿಂಟರಿನ ಪಾಡು ಬರೆದಾಗಿದೆ, ಕಲಕ್ಕಾ. ಇನ್ನು ಕಳಿಸಬಹುದು.