ಹಗ್ಗಕ್ಕೆ ಕೈಯಿಟ್ಟವರು

ನಮ್ಮಲ್ಲಿಗೆ ಬರುವವರೆಲ್ಲ ಅದನ್ನು ಬೀಚ್ ಎನ್ನುತ್ತಾರೆ. ನಮಗೆ ಅದು ಕಡಲ ಬದಿ, ಅಷ್ಟೆ. ಕಟಪಾಡಿ ಪೇಟೆಯಿಂದ ಪಡುವಣಕ್ಕೆ ಬಂದು ಹೊಳೆಯ ಸೇತುವೆ ದಾಟಿದರೆ ಸಿಗುವ ಸಪೂರ ಪಟ್ಟಿ. ಮನೆಯ ಹಿಂದೆ ಹೊಳೆ, ಮುಂದೆ ಕಡಲು, ನಡುವೆ ಒಂದು ಡಾಮರು ರಸ್ತೆ, ಒಂದಿಷ್ಟು ತೆಂಗು. ರಸ್ತೆಯ ಬದಿಗೆ ಈಗ ಮನೆಗಳಿಗಿಂತ ಹೋಂಸ್ಟೇ ಬೋರ್ಡುಗಳೇ ಹೆಚ್ಚು. ಅದರಲ್ಲಿ ಒಂದು ನನ್ನದೇ, ಸುಳ್ಳು ಯಾಕೆ ಹೇಳಲಿ. ಗಂಡ ದುಬೈ ಬಿಟ್ಟು ಬಂದ ಮೇಲೆ ಮೂರು ಕೋಣೆ ಕಟ್ಟಿಸಿದೆವು. ನೀರುದೋಸೆ, ಮೀನು ಗಸಿ ನನ್ನ ಕೈಯದು. ಬಂದವರ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ, ಆ ಒಂದು ಬೆಳಗಿನವರೆಗೆ.

ಪಕ್ಕದ ಮನೆ ನನ್ನ ಅಣ್ಣನದು. ಅವನು ಕೈರಂಪಣಿ ಬಲೆಯ ತಂಡೇಲ, ಎಂದರೆ ಮುಂದೆ ನಿಂತು ಹೇಳುವವನು. ಕೈರಂಪಣಿಯೆಂದರೆ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ಮರಳಿನ ಮೇಲೆ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಾರೆ. ಎರಡೂ ಕಡೆ ಒಂದೇ ಹದದಲ್ಲಿ ಬರಬೇಕು. ಒಂದು ಕಡೆ ಮುಂದಾಯಿತೋ, ಬಲೆ ಓರೆಯಾಗಿ ಅಡಿ ಮೇಲೆದ್ದುಬಿಡುತ್ತದೆ. ಮೀನಿಗೆ ಅಷ್ಟು ಸಂದು ಸಾಕು.

ಅಷ್ಟುದ್ದದ ಬಲೆ ಒಬ್ಬರ ಸೊತ್ತಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ತಂದು, ಸೇರಿಸಿ ಹೊಲಿದು ಆದ ಬಲೆ ಅದು. ಇನ್ನೊಂದು ಕ್ರಮವೂ ಇತ್ತು. ಎಳೆಯುವಾಗ ಹಗ್ಗಕ್ಕೆ ಯಾರೇ ಕೈಯಿಟ್ಟರೂ ಅವರಿಗೊಂದು ಪಾಲು. ದಾರಿಯಲ್ಲಿ ಹೋಗುವವನಾದರೂ ಸರಿ, ಜಾತಿ ಕೇಳುವಂತಿಲ್ಲ, ಊರು ಕೇಳುವಂತಿಲ್ಲ, ಬೇಡ ಎನ್ನುವಂತಿಲ್ಲ.

ಕೇಳಲಿಕ್ಕೆ ಜನವೆಲ್ಲಿದ್ದರು? ನಮ್ಮ ಹುಡುಗರು ಮಲ್ಪೆಯ ದೊಡ್ಡ ಬೋಟು ಹತ್ತಿದರು, ಇಲ್ಲ ಗಲ್ಫಿಗೆ ಹೋದರು. ಬಾಗಲಕೋಟೆ ಕಡೆಯ ಕೂಲಿಯವರು ಕೆಲವು ದಿನ ಬಂದರು, ಆಮೇಲೆ ಕಟ್ಟಡದ ಕೆಲಸವೇ ವಾಸಿ ಎಂದು ಬಿಟ್ಟರು. ಅವರದೇನು ತಪ್ಪು? ಬಲೆ ಎಳೆದೆಳೆದು ರಟ್ಟೆ ಬಿದ್ದುಹೋಗುತ್ತಿತ್ತು, ಬರುತ್ತಿದ್ದದ್ದು ಲೋಳೆಮೀನು, ಪ್ಲಾಸ್ಟಿಕ್ಕು. ಆ ವರ್ಷ ಮಳೆ ಬಿಟ್ಟ ಮೇಲೆ ಬಲೆಯ ಪಾಲುದಾರರೆಲ್ಲ ಅಣ್ಣನ ಅಂಗಳದಲ್ಲಿ ಸೇರಿದರು. ಈ ಸಲವೂ ಒಳ್ಳೆಯ ಮೀನು ಬೀಳದಿದ್ದರೆ ಅವರವರ ತುಂಡು ಬಿಚ್ಚಿಕೊಂಡು ಹೋಗುವುದೆಂದು ಮಾತಾಯಿತು. ಅಣ್ಣ ಕೈಮುಗಿದುಬಿಟ್ಟ. "ದೀಪಾವಳಿಯವರೆಗೆ ಒಂದು ತಡೆದುಕೊಳ್ಳಿ ಮಾರಾಯ್ರೆ. ಒಂದು ಸಲ ಬಂಗುಡೆ ಬೀಳಲಿ, ನೀವೇ ಬಿಡಲಿಕ್ಕಿಲ್ಲ." ಯಾರ ಮುಂದೆಯೂ ತಗ್ಗದ ಮನುಷ್ಯ ಅವನು. ನನಗೆ ನೋಡಲಿಕ್ಕಾಗದೆ ಒಳಗೆ ಹೋದೆ.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಂಗುಡೆ ಬಂದೇಬಿಟ್ಟಿತು. ದೋಣಿ ಹೋಗಿ ಬಲೆ ಸುತ್ತಿ ಬಂತು. ನನ್ನ ಕೋಣೆಗಳಲ್ಲಿ ಬೆಂಗಳೂರಿನ ಒಂದು ಆಫೀಸಿನವರ ಗುಂಪು ಇಳಿದಿತ್ತು, ಗಟ್ಟಿಮುಟ್ಟಾದ ಗಂಡಸರು. ಬೊಬ್ಬೆ ಕೇಳಿ ಕಾಫಿ ಅಲ್ಲೇ ಬಿಟ್ಟು ಓಡಿ ಬಂದರು.

"ಅಂಕಲ್, ನಾವೂ ಎಳೀಬಹುದಾ?"

ನಾನು ಅಣ್ಣನನ್ನು ಬದಿಗೆ ಕರೆದೆ. "ಅಣ್ಣ, ಇವರು ಬೇಡ. ಇವರಿಗೆ ಇದೆಲ್ಲ ಆಟ."

"ಹಗ್ಗಕ್ಕೆ ಕೈಯಿಡಲು ಬಂದವರನ್ನು ಹೋಗಿ ಎನ್ನಲಿಕ್ಕೆ ನಾನು ಯಾರು? ನೀನು ಸುಮ್ಮನಿರು ಮಾರಾಯ್ತಿ."

ತೆಂಕು ಬದಿಯ ಸಾಲಿನಲ್ಲಿ ಜನ ತೀರಾ ಕಡಿಮೆ ಇತ್ತು. ಅವರನ್ನು ಅಲ್ಲಿಗೆ ಕಳಿಸಿದ. ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ಬಲೆ ಹತ್ತಿರವಾಗಿ ನೀರಲ್ಲಿ ಮೀನು ಪಟಪಟ ಎನ್ನತೊಡಗಿದ್ದೇ ತಡ, ಅವರಿಗೆ ಎಲ್ಲಿಲ್ಲದ ಹುರುಪು ಬಂತು. ಅದನ್ನು ಹಗ್ಗಜಗ್ಗಾಟ ಎಂದುಕೊಂಡರೋ ಏನೋ, ಬಡಗು ಸಾಲಿನ ಮುದುಕರೊಡನೆ ಪಂತ ಕಟ್ಟಿದವರ ಹಾಗೆ ಕೇಕೆ ಹಾಕುತ್ತ ಎಳೆದರು. "ನಿಧಾನ! ನಿಲ್ಲಿಸಿ! ಸ್ವಲ್ಪ ನಿಲ್ಲಿಸಿ!" ಎಂದು ಅಣ್ಣ ಎದೆಮಟ್ಟದ ನೀರಿನಿಂದ ಬೊಬ್ಬೆ ಹೊಡೆದ. ಅವರ ನಗುವಿನಲ್ಲಿ ಯಾರಿಗೆ ಕೇಳಬೇಕು? ಬಲೆ ಓರೆಯಾಯಿತು, ಅಡಿ ಎದ್ದಿತು. ಒಂದು ಗಳಿಗೆ ನೀರೆಲ್ಲ ಬೆಳ್ಳಗೆ ಕುದಿದ ಹಾಗೆ ಕಂಡಿತು. ಆಮೇಲೆ ಏನೂ ಇಲ್ಲ.

ದಡಕ್ಕೆ ಬಂದ ಬಲೆಯಲ್ಲಿ ಒಂದು ಬುಟ್ಟಿ ತುಂಬುವಷ್ಟೂ ಮೀನಿರಲಿಲ್ಲ. ಅಣ್ಣ ಒದ್ದೆ ಮೈಯಲ್ಲೇ ಕುಳಿತು ಅಷ್ಟನ್ನೇ ಪಾಲು ಮಾಡಿದ. ಅವರಿಗೂ ಒಂದು ಪಾಲು ಇಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

"ಇವರಿಗೂ ಕೊಡುತ್ತೀಯಾ? ನಿನಗೆ ತಲೆ ಸರಿ ಉಂಟಾ?"

"ಕೈಯಿಟ್ಟಿದ್ದಾರಲ್ವಾ," ಎಂದ, ತಲೆಯೆತ್ತದೆ.

ಅವರು ಮೀನು ಹಿಡಿದುಕೊಂಡು ಅಣ್ಣನ ಹೆಗಲಿಗೆ ಕೈಹಾಕಿ ಫೋಟೋ ತೆಗೆಸಿಕೊಂಡರು. "ಸೂಪರ್ ಅಂಕಲ್, ಮರೆಯೋಕಾಗಲ್ಲ," ಎಂದರು. ಕೆಟ್ಟವರೇನಲ್ಲ. ಏನು ಹಾಳಾಯಿತೆಂದು ಅವರಿಗೆ ಗೊತ್ತೇ ಆಗಲಿಲ್ಲ. ಮಧ್ಯಾಹ್ನ ಕೋಣೆ ಬಿಟ್ಟು ಹೋದ ಮೇಲೆ ನೋಡಿದರೆ ಆ ಪಾಲು ಹಾಗೆಯೇ ಜಗಲಿಯ ಕಟ್ಟೆಯ ಮೇಲಿತ್ತು, ಇರುವೆ ಹತ್ತಿತ್ತು. ಬಾಯಿಗೆ ಬಂದ ಹಾಗೆ ಬೈದೆ. ಕೇಳಲು ಅಲ್ಲಿ ನನ್ನ ಗಂಡನೊಬ್ಬನೇ ಇದ್ದ, ಪಾಪ.

ಸಂಜೆ ಪಾಲುದಾರರು ಬಂದರು. ಯಾರೂ ಅಣ್ಣನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ದೀಪಾವಳಿಯ ಮಾತನ್ನೂ ಯಾರೂ ಎತ್ತಲಿಲ್ಲ. ಗಾಳಿಮರದ ಕೆಳಗೆ ಬಲೆ ಹರಡಿ ಹೊಲಿಗೆ ಬಿಚ್ಚತೊಡಗಿದರು. ಉಪ್ಪು ಹಿಡಿದು ಗಂಟು ಬಿಗಿದುಹೋಗಿತ್ತು, ಅವರಿಗೆ ಆಗಲಿಲ್ಲ. ಕೊನೆಗೆ ಅಣ್ಣನೇ ಚೂರಿ ತಂದು ಒಬ್ಬೊಬ್ಬರ ತುಂಡನ್ನೂ ಬಿಡಿಸಿ, ಮಡಚಿ, ಅವರವರ ಕೈಗೆ ಕೊಟ್ಟ. ಅವನ ಪಾಲಿನದೊಂದು ಉಳಿಯಿತು. "ಕೋಳಿಗೂಡಿಗೆ ಮುಚ್ಚಲಿಕ್ಕೆ ಆಯಿತು ನೋಡು," ಎಂದು ನನ್ನನ್ನು ನಗಿಸಲು ನೋಡಿದ. ನಾನು ಅತ್ತುಬಿಟ್ಟೆ.

ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಮೈಸೂರಿನಿಂದ ಒಂದು ಸಂಸಾರ ಬಂದಿತ್ತು. ಅವರಿಗೆ ಕಡಲು ತೋರಿಸಲು ಹೋದಾಗ ಅಣ್ಣ ಅಲ್ಲೇ ನಿಂತು ಚಹಾ ಕುಡಿಯುತ್ತಿದ್ದ. ದಡದಿಂದ ತುಸು ಆಚೆ ನೀರು ಒಂದಗಲ ಕಪ್ಪಾಗಿತ್ತು. ಆ ಕಪ್ಪು ಮೆಲ್ಲಗೆ ಬಡಗಿಗೆ ಸರಿಯುತ್ತಿತ್ತು. ಕಡಲಹಕ್ಕಿಗಳು ಅದರ ಮೇಲೆ ಎರಗಿ ಎರಗಿ ಏಳುತ್ತಿದ್ದವು. ಅಂಥ ಮೀನಿನ ಹಿಂಡನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಆ ಹೆಂಗಸು ಕೈತೋರಿಸಿ ಅಣ್ಣನನ್ನು ಕೇಳಿದರು, "ಅಲ್ಲಿ ಕಪ್ಪಗೆ ಕಾಣ್ತಿದೆಯಲ್ಲ, ಅದೇನು?"

ಅಣ್ಣ ತುಂಬ ಹೊತ್ತು ನೋಡಿದ.

"ಎಂತದೂ ಇಲ್ಲ ಅಮ್ಮ. ಮೋಡದ ನೆರಳು."

ಅವರು ಸರಿಯೆಂದು ಮುಂದೆ ಹೋದರು. ನಾನು ಮೇಲೆ ನೋಡಿದೆ. ಒಂದು ಚೂರು ಮೋಡವೂ ಇರಲಿಲ್ಲ. ಅಣ್ಣ ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, ಕಡಲಿಗೆ ಬೆನ್ನು ಹಾಕಿ ಮನೆಯ ಕಡೆ ನಡೆದ.