ಮೂರು ಒಳಲೆ ನೀರು

ನಮ್ಮ ಅಜ್ಜಿ ಮಂಚಮ್ಮ ನರಸೀಪುರದ ಸುತ್ತಿನ ಗದ್ದೆಗಳಲ್ಲಿ ನಾಟಿ ಹಾಕುವ ಕೂಲಿಯವಳು. ಹಸುಗೂಸುಗಳಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು, ಅದೇ ಒಳಲೆ, ಅವಳ ಮನೆಯಲ್ಲಿ ಒಂದಿತ್ತು. ೧೯೯೮ರಲ್ಲಿ ಸೊಸೆ ಕವನ ಹೆರಿಗೆಯಾದ ಮೇಲೆ ಕಾಮಾಲೆಯಾಗಿ ಮೈಸೂರಿನ ಆಸ್ಪತ್ರೆಯಲ್ಲೇ ಉಳಿದಳು. ಮಗು ಜಗನ್ ಅಜ್ಜಿಯ ಮಡಿಲಿಗೆ ಬಂತು.

ಅರವತ್ತು ಎಂ.ಎಲ್. ನೀರು ಕಾಯಿಸಿ ಆರಿಸಿ, ಡಬ್ಬಿಯಲ್ಲಿರುವ ಚಮಚದಿಂದ ಎರಡು ಚಮಚ ಹಾಲಿನ ಪುಡಿ ಹಾಕಬೇಕೆಂದು ಅಲ್ಲಿ ಹೇಳಿ ಕಳಿಸಿದ್ದರು. ಎರಡು ಚಮಚಕ್ಕೆ ಎರಡು ಒಳಲೆ ನೀರೇ ಇರಬೇಕು ಎಂದುಕೊಂಡಳು ಅಜ್ಜಿ. ಮಗು ಕುಡಿದದ್ದನ್ನೆಲ್ಲ ಕಕ್ಕತೊಡಗಿತು. ಹೀಗೇ ಆದರೆ ಅದನ್ನೂ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ನರಸೀಪುರದ ನರ್ಸಮ್ಮ ಎಚ್ಚರಿಸಿದರು.

ಪಕ್ಕದ ಮನೆಯ ಪುಟ್ಟಮಾದಮ್ಮನಿಗೆ ನಗು. "ಎಮ್ಮೆ ಗೊತ್ತು, ಇದ್ಯಾವ್ದಕ್ಕ ಎಮ್ಮೆಲ್ಲು? ಮೂರ್ ಮಕ್ಳ ಸಾಕ್ದೋಳ್ಗೆ ಆಲು ಕಲ್ಸಕ್ ಬರಕಿಲ್ವಾ?"

"ಅವು ನನ್ನೆದೆ ಆಲು ಕುಡ್ದವು ಕಣವ್ವ. ಈ ಪುಡಿ ನಂಗೊತ್ತಿಲ್ಲ. ತಿಳ್ಕಂಡೇ ಬತ್ತೀನಿ, ಮಗ ನೋಡ್ಕ."

ಅಜ್ಜಿ ಒಳಲೆಯನ್ನು ಸೆರಗಿಗೆ ಕಟ್ಟಿಕೊಂಡು ನರಸೀಪುರದ ಬಸ್ಸು ಹತ್ತಿದಳು. ನರ್ಸಮ್ಮನ ಮುಂದೆ ಸಾಲು ಉದ್ದವಿತ್ತು. ತನ್ನ ಸರದಿ ಬಂದಾಗ ಒಳಲೆಯನ್ನು ಮೇಜಿನ ಮೇಲಿಟ್ಟಳು.

"ಔಸ್ದಿ ಬ್ಯಾಡ ಕಣವ್ವ. ಅರವತ್ತು ಎಮ್ಮೆಲ್ಲ ಇದ್ರಲ್ಲಿ ತೋರ್ಸು. ಅಲ್ಲೀಗಂಟ ನಾನ್ ಓಗಕಿಲ್ಲ."

ನರ್ಸಮ್ಮ ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಹತ್ತು ಎಂ.ಎಲ್. ನೀರೆಳೆದು ಒಳಲೆಗೆ ಬಿಟ್ಟರು. ಇನ್ನೊಮ್ಮೆ ಬಿಟ್ಟಾಗ ಅದು ತುಂಬಿತು. ಮತ್ತೆ ಬಿಟ್ಟ ನೀರು ಮೂತಿಯಿಂದ ಸುರಿದುಹೋಯಿತು.

"ನಿಮ್ಮ ಒಳಲೆ ಇಪ್ಪತ್ತೇ ಹಿಡಿಯೋದು ಕಣಜ್ಜಿ. ಅರವತ್ತಕ್ಕೆ ಮೂರು ಬೇಕು. ಎರಡೇ ಹಾಕಿ ಹಾಲು ಗಟ್ಟಿ ಮಾಡ್ಬಿಟ್ಟಿದ್ದೀರ."

ಅಜ್ಜಿಯ ಮುಖ ಇಳಿದುಹೋಯಿತು. ಆದರೂ ಏಳಲಿಲ್ಲ. ಸಿರಿಂಜನ್ನು ಕೇಳಿ ಪಡೆದು, ತಾನೇ ಒಮ್ಮೆ ಅಳೆದು ನೋಡಿದಳು. ಸರಿಯಾಗಿದೆ ಎಂದು ನರ್ಸಮ್ಮ ತಲೆಯಾಡಿಸಿದ ಮೇಲೇ ಹೊರಟಳು.

ಮನೆಯಲ್ಲಿ ಮೂರು ಒಳಲೆ ನೀರಿಗೆ ಎರಡು ಚಮಚ ಪುಡಿ ಕಲಸಿದಳು. ಪುಟ್ಟಮಾದಮ್ಮ ಇಣುಕಿ, "ನೀರ್ ನೀರಾಗದಲ್ಲಕ್ಕ, ಇನ್ನೊಂಚೂರು ಪುಡಿ ಆಕು" ಎಂದಳು.

"ಒಂದ್ ಚೂರೂ ಆಕಕಿಲ್ಲ."

ಜಗನ್ ಗುಟುಕು ಗುಟುಕಾಗಿ ಕುಡಿದ. ಅಜ್ಜಿ ಅವನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತಾ ಕಾದಳು. ತೇಗು ಬಂತು. ಹಾಲು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆಮೇಲೆಯೇ ಅವಳು ಮೈಸೂರಿಗೆ ಹೊರಟಿದ್ದ ಮಗ ಮಾದೇಶನನ್ನು ಕರೆದು ಹೇಳಿದಳು:

"ಕವನಂಗೆ ಏಳ್ಲಾ, ಮಗ ಕುಡ್ದದ್ದ ಉಳಿಸ್ಕತಾವ್ನೆ ಅಂತ."